ಪುಕ್ಕಲ ಇಳಿಯಲಿಲ್ಲ

ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ ನೌಕೆಯಿಂದ ಸಂದೇಶ ಬಂತು: ಹದಿನೇಳು. ನಿಯಂತ್ರಣ ಕೊಠಡಿಯಲ್ಲಿ ಎಲ್ಲರೂ ನೌಕೆಯ ತಂತ್ರಾಂಶ ಬರೆದ ಎಂಜಿನಿಯರ್ ಕಡೆ ತಿರುಗಿದರು. ಹದಿನೇಳು ಎಂದರೆ, ಇಳಿಯುವುದನ್ನು ಬಿಟ್ಟು ಮೇಲಕ್ಕೆ ಹೋಗುತ್ತಿದ್ದೇನೆ ಎಂದು.

ಆ ದೂರದ ಕ್ಷುದ್ರಗ್ರಹದಿಂದ ಇಲ್ಲಿಗೆ ಮಾತು ಮುಟ್ಟಲು ಇಪ್ಪತ್ತೊಂದು ನಿಮಿಷ ಬೇಕು. ಅಲ್ಲಿ ಎಡವಟ್ಟಾದರೆ, ಇಲ್ಲಿಂದ ಏನು ಹೇಳಿದರೂ ಊರು ಸೂರೆಯಾದ ಮೇಲೆ ಬಾಗಿಲು ಹಾಕಿದಂತೆ. ಅದಕ್ಕೇ ನೌಕೆ ತಾನೇ ನೋಡಿ ತಾನೇ ತೀರ್ಮಾನಿಸಬೇಕು. ಆ ಬುದ್ಧಿಯನ್ನು ಅದಕ್ಕೆ ಕಲಿಸುವುದರಲ್ಲೇ ಅವಳ ಹನ್ನೊಂದು ವರ್ಷ ಕಳೆದಿತ್ತು. ಪರೀಕ್ಷೆಗಳಲ್ಲಿ ಚೂರು ಅನುಮಾನ ಬಂದರೂ ಹಿಂದೆ ಸರಿಯುತ್ತಿದ್ದುದರಿಂದ ಜೊತೆಯವರು ಅದಕ್ಕೆ ಪುಕ್ಕಲ ಎಂದು ಹೆಸರಿಟ್ಟಿದ್ದರು.

ನಿರ್ದೇಶಕರು ಅವಳ ಮೇಜಿನ ಹತ್ತಿರ ಬಂದು ನಿಂತರು. "ನಿಮ್ಮ ಪುಕ್ಕಲ ಮಾನ ಕಳೆದ್ನಲ್ಲಮ್ಮ. ಎಷ್ಟು ಅನುಮಾನ ಬಂದ್ರೆ ಹಿಂದೆ ಸರೀಬೇಕು ಅನ್ನೋ ಆ ಮಿತಿ ಸಡಿಲ ಮಾಡಿ ಕಳಿಸಿ. ನಾಡಿದ್ದು ಇಳೀಲಿ."

"ಯಾಕೆ ಹೆದರ್ತು ಅಂತ ಮೊದ್ಲು ನೋಡ್ಬೇಕು ಸರ್. ಹತ್ತಿರದಿಂದ ತೆಗೆದ ಚಿತ್ರ ಇನ್ನೂ ಬಂದಿಲ್ಲ."

"ನಾಳೆ ಸಂಜೆವರೆಗೆ ಟೈಮ್. ಆಮೇಲೆ ಬೇರೆಯವರ ಕೈಲಿ ಮಾಡಿಸ್ತೀನಿ."

ಮಧ್ಯಾಹ್ನ ಮನೆಗೆ ಹೋದಾಗ ಅಪ್ಪ ಬಾಗಿಲಲ್ಲೇ ಕೇಳಿದರು. "ಇಳೀತಾ?"

"ಇಲ್ಲಪ್ಪ. ಹೆದರಿ ವಾಪಸ್ ಹೋಯ್ತು."

ಮೂವತ್ತನಾಲ್ಕು ವರ್ಷ ಬಸ್ ಓಡಿಸಿ ನಿವೃತ್ತರಾದವರು ಅವರು. ತಟ್ಟೆಯನ್ನು ಅವಳ ಮುಂದೆ ಸರಿಸಿದರು. "ಬ್ರೇಕ್ ಹಾಕಿದ ಡ್ರೈವರನ್ನ ಯಾರೂ ಹೊಗಳಲ್ಲ ಕಣೆ. ಒಳಗಿರೋರು ಬೈತಾರೆ, ಹಿಂದಿನೋರು ಹಾರ್ನ್ ಹೊಡೀತಾರೆ. ಉಣ್ಣು."

ನಗಲೂ ಅವಳಿಗೆ ತ್ರಾಣವಿರಲಿಲ್ಲ. ತನ್ನ ಅಂಜಿಕೆಯನ್ನೇ ಅದಕ್ಕೂ ಅಂಟಿಸಿಬಿಟ್ಟೆನೇ ಎಂಬ ಯೋಚನೆ ತುತ್ತು ತುತ್ತಿಗೂ ಮರಳಿ ಬರುತ್ತಿತ್ತು.

ಮರುದಿನ ಚಿತ್ರಗಳು ಗೆರೆ ಗೆರೆಯಾಗಿ, ಆಮೆ ನಡಿಗೆಯಲ್ಲಿ ಬಂದವು. ಮೂರು ಗಂಟೆಗೆ ಕೊನೆಯದು ತುಂಬಿತು. ಎತ್ತರದಿಂದ ನೋಡಿ ಎಲ್ಲರೂ ಒಪ್ಪಿದ್ದ ಆ ಸಮತಟ್ಟು ನೆಲದ ನಡುವೆ ಸಣ್ಣ ಕಲ್ಲುಗಳು ಮುಚ್ಚಿದ್ದ ಒಂದು ಬಿರುಕು. ತನ್ನ ಕಣ್ಣನ್ನು ನಂಬದೆ, ಭೂವಿಜ್ಞಾನಿಯನ್ನು ಕರೆದಳು. ಎಲ್ಲರೂ ಅವರನ್ನು ಕಲ್ಲು ಮೇಷ್ಟ್ರು ಎನ್ನುತ್ತಿದ್ದರು.

ಅವರು ಕನ್ನಡಕ ಮೇಲೇರಿಸಿ ಬಗ್ಗಿ ನೋಡಿದರು. "ಅಬ್ಬಬ್ಬಾ! ಇಲ್ಲಿ ಕಾಲೂರಿದ್ರೆ ಗೋತಾ ಹೊಡೀತಿತ್ತು."

ನಿರ್ದೇಶಕರು ಬಂದು ಚಿತ್ರವನ್ನು ಬಹಳ ಹೊತ್ತು ನೋಡಿದರು. ತಪ್ಪಾಯಿತು ಎನ್ನಲಿಲ್ಲ, ಭೇಷ್ ಎನ್ನಲೂ ಇಲ್ಲ. "ಸರಿ. ಮಿತಿ ಹಾಗೇ ಇರ್ಲಿ. ಬೇರೆ ಜಾಗ ಹುಡುಕಿ. ಎಷ್ಟು ದಿನ ಬೇಕು?"

"ಆರು ತಿಂಗಳು ಸರ್."

ಗೆದ್ದೆ ಎಂದು ಅನ್ನಿಸಬೇಕಿತ್ತು. ಮತ್ತೆ ಆರು ತಿಂಗಳು ಎಂದಷ್ಟೇ ಅನ್ನಿಸಿತು. ಹತ್ತು ದಿನ ರಜ ಕೇಳಿದಳು, ನಾಲ್ಕು ಸಿಕ್ಕಿತು. ಮೊದಲ ಎರಡು ದಿನ ನಿದ್ದೆಯಲ್ಲೇ ಹೋದವು. ಮೂರನೆಯ ದಿನ, ವರ್ಷದಿಂದ ಮುಂದೂಡುತ್ತಾ ಬಂದಿದ್ದ ಕಣ್ಣಿನ ತಪಾಸಣೆಗೆ ಅಪ್ಪನನ್ನು ಕರೆದುಕೊಂಡು ಹೋದಳು. ಆಸ್ಪತ್ರೆಯ ಬೆಂಚಿನ ಮೇಲೆ, ಅವರ ಸರದಿ ಬರುವ ಮೊದಲೇ, ಅವರ ಭುಜಕ್ಕೊರಗಿ ಮತ್ತೆ ನಿದ್ದೆ ಹೋದಳು.