ಅಳತೆಯವರ ಕಾಲು

ಅವರು ಯಾರ ಮುಖವನ್ನೂ ಮೊದಲು ನೋಡಿದವರಲ್ಲ. ಬೂಟಿನಂಗಡಿಯ ಗಾಜಿನ ಬಾಗಿಲು ತೆರೆದುಕೊಂಡಿತೆಂದರೆ ಅವರ ದೃಷ್ಟಿ ನೆಟ್ಟಗೆ ನೆಲಕ್ಕಿಳಿಯುತ್ತಿತ್ತು. ಬಂದವರು ಹೆಜ್ಜೆಯಿಡುವ ಬಗೆ, ಹಿಮ್ಮಡಿ ಸವೆದ ಮಗ್ಗುಲು, ಯಾವ ಕಾಲಿನ ಮೇಲೆ ಭಾರ ಹೆಚ್ಚು, ಯಾವುದನ್ನು ಒಂದಿಷ್ಟು ಎಳೆದು ಹಾಕುತ್ತಾರೆ ಎಂಬುದನ್ನೆಲ್ಲ ಓದಿ ಮುಗಿಸಿದ ಮೇಲೆ, ಬಹಳ ನಿಧಾನವಾಗಿ, ಮೊಣಕಾಲು, ಸೊಂಟ, ಅಂಗಿಯ ಗುಂಡಿಗಳನ್ನು ದಾಟಿ ಕೊನೆಗೆ ಮುಖಕ್ಕೆ ಬಂದು, ಅಲ್ಲಿಯವರೆಗೆ ಬಂದದ್ದೇ ಒಂದು ಉಪಚಾರವೆಂಬಂತೆ ಸಣ್ಣಗೆ ನಗುತ್ತಿದ್ದರು. ಹದಿನೇಳು ವರ್ಷ ಅವರ ಕೈಯಿಂದಲೇ ಬೂಟು ಹಾಕಿಸಿಕೊಂಡ ನಾನು ಬೀದಿಯಲ್ಲಿ ಎದುರಾದರೆ ಗುರುತು ಹತ್ತದೆ ಮುಂದೆ ಹೋಗಿಬಿಡುತ್ತಿದ್ದರು, ನಾನು ನಾಲ್ಕು ಹೆಜ್ಜೆ ದಾಟಿದ ಮೇಲೆ ಹಿಂದಿನಿಂದ ಕೂಗು ಕೇಳಿಸುತ್ತಿತ್ತು: “ಸಾರ್, ಎಡಗಡೆಯವರು ಯಾಕೋ ಮುನಿಸಿಕೊಂಡ ಹಾಗಿದೆ?”

ಎಡಗಡೆಯವರೆಂದರೆ ನನ್ನ ಎಡಗಾಲು. ಪಾದಗಳಿಗೆ ಅವರು ಏಕವಚನ ಬಳಸಿದ್ದನ್ನು ನಾನು ಕೇಳಿಲ್ಲ. ಬಲಗಡೆಯವರು ತುಸು ದೊಡ್ಡವರು, ಎಡಗಡೆಯವರು ಹೊಂದಿಕೊಂಡು ಹೋಗುವವರು, ಕಿರುಬೆರಳಿನವರಿಗೆ ಜಾಗ ಸಾಲದೆ ಕೋಪ ಬಂದಿದೆ ಎಂದು, ತುಂಬಿದ ಮನೆಯೊಂದರ ಸಮಾಚಾರ ತಿಳಿಸುವ ನೆಂಟರ ಧಾಟಿಯಲ್ಲಿ ಹೇಳುತ್ತಿದ್ದರು. ಗಿರಾಕಿಗಳ ಬಾಯಲ್ಲಿ ಅವರು ಅಳತೆಯವರು.

ಎಲ್ಲ ಋತುವಿಗೂ ಒಂದೇ ಕಂದು ಕೋಟು. ಬೇರೆಯವರು ಪೆನ್ನು ಸಿಕ್ಕಿಸುವ ಜೇಬಿನಲ್ಲಿ, ಬೂಟಿನೊಳಕ್ಕೆ ಹಿಮ್ಮಡಿಯನ್ನು ಜಾರಿಸುವ ಉಕ್ಕಿನ ಪಟ್ಟಿ. ಅಳತೆ ತೆಗೆಯಲು ಎಡಮೊಣಕಾಲನ್ನೇ ನೆಲಕ್ಕೂರುತ್ತಿದ್ದುದರಿಂದ ಅವರ ಷರಾಯಿಗಳಿಗೆಲ್ಲ ಎಡಗಡೆ ಮಾತ್ರ ಕನ್ನಡಿಯ ಹೊಳಪು. ವಯಸ್ಸಾಯಿತೆಂದು ಮಾಲೀಕರು ತರಿಸಿಕೊಟ್ಟ ಗಿಡ್ಡ ಸ್ಟೂಲಿನ ಮೇಲೆ ಅವರು ಡಬ್ಬಿಗಳನ್ನು ಪೇರಿಸಿಟ್ಟಿದ್ದರು. “ಕೂತರೆ ಸೊಂಟಕ್ಕೆ ಸುಖ ಸಾರ್, ಕಣ್ಣಿಗೆ ದೂರ” ಎನ್ನುತ್ತಿದ್ದರು. ಹಟವೂ ಹಾಗೆಯೇ. ಎಷ್ಟೇ ಹಳೆಯ ಗಿರಾಕಿಯಾಗಲಿ, ಎರಡೂ ಪಾದಗಳನ್ನು ಹಲಗೆಯ ಮೇಲೆ ನಿಲ್ಲಿಸಿ ಅಳೆಯದೆ ಡಬ್ಬಿ ಬಿಚ್ಚುತ್ತಿರಲಿಲ್ಲ. ಹೋದ ವರ್ಷ ತಾನೇ ಅಳೆದಿದ್ದೀರಲ್ಲ ಎಂದರೆ, “ಅದು ಹೋದ ವರ್ಷದ ಕಾಲು ಸಾರ್” ಎಂಬ ಉತ್ತರ. ಬೂಟು ಹಾಕಿಕೊಂಡವರು ಸರಿಯಾಗಿದೆ ಎಂದು ಹೇಳಿದರೂ ನಂಬದೆ, ಹೆಬ್ಬೆರಳಿನಿಂದ ಬೂಟಿನ ಮೂತಿಯನ್ನು ಒತ್ತಿ, ಬದಿಗಳನ್ನು ಸವರಿ, ಒಳಗಿನವರ ಅಭಿಪ್ರಾಯವನ್ನು ತಾವೇ ಕೇಳಿ ತಿಳಿದುಕೊಂಡಂತೆ ತಲೆಯಾಡಿಸಿದ ಮೇಲೆಯೇ ಏಳುತ್ತಿದ್ದರು.

ಅವರ ಸ್ವಂತ ಬೂಟುಗಳು ಮಾತ್ರ ಆ ಅಂಗಡಿಗೆ ಅವಮಾನ. ಎಷ್ಟೋ ಸಲ ಅಟ್ಟೆ ಹೊಲಿಸಿ, ಮೊಳೆ ಹೊಡೆಸಿ, ಮಸಿ ಬಳಿದು ಮರ್ಯಾದೆ ಉಳಿಸಿಕೊಂಡಿದ್ದ ಕರಿ ಬೂಟುಗಳು. ಗಲ್ಲಾದಲ್ಲಿ ಕೂರುತ್ತಿದ್ದ ಹೆಂಗಸು ಅವರನ್ನು ಅಣ್ಣ ಎನ್ನುತ್ತಿದ್ದಳು, ಆ ಸಲಿಗೆಯಿಂದಲೇ ಛೇಡಿಸುತ್ತಿದ್ದಳು: “ಅಣ್ಣಾ, ನಿಮ್ಮ ಕಾಲು ನೋಡಿದ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ.” ಅವರು ನಗುತ್ತಿದ್ದರು: “ಹಳೇ ಪರಿಚಯದವರಮ್ಮ, ಬಿಡೋಕಾಗಲ್ಲ.” ನಾನಿದನ್ನು ಜಿಪುಣತನವೆಂದುಕೊಂಡಿದ್ದೆ. ಹೊಸ ಬೂಟು ಹಾಕಿಕೊಳ್ಳಬೇಕಾದರೆ ಹಳೆಯದನ್ನು ನಾಲ್ಕು ಜನರ ಮುಂದೆ ಕಳಚಬೇಕು, ಕಾಲನ್ನು ಇನ್ನೊಬ್ಬರ ಕೈಗೆ ಕೊಡಬೇಕು ಎಂಬುದು ನನಗೆ ಹೊಳೆದಿರಲಿಲ್ಲ.

ಇಲ್ಲಿ ನನ್ನ ವಿಷಯವೊಂದನ್ನು ಹೇಳದೆ ಗತ್ಯಂತರವಿಲ್ಲ, ಹೇಳಲು ನಾಚಿಕೆಯಾಗುತ್ತದೆ. ನನಗೆ ಸಕ್ಕರೆ ಕಾಯಿಲೆ ಬಂದು ಆಗ ಆರು ವರ್ಷ. ಮಾತ್ರೆ ನುಂಗುತ್ತಿದ್ದೆ, ಅಷ್ಟೆ. ಕಣ್ಣು ತೋರಿಸಿ, ಮೂತ್ರಪಿಂಡ ಪರೀಕ್ಷೆ ಮಾಡಿಸಿ, ಪಾದದ ಸ್ಪರ್ಶ ನೋಡಿಸಿ ಎಂದು ವೈದ್ಯರು ಬರೆದುಕೊಟ್ಟ ಚೀಟಿಗಳನ್ನೆಲ್ಲ ದೊಡ್ಡ ನಿಘಂಟಿನ ಹಾಳೆಗಳ ನಡುವೆ, ಯಾರೂ ಹುಡುಕದ ಪದಗಳ ಕಡೆ, ಮಡಚಿಟ್ಟಿದ್ದೆ. ಹೆಂಡತಿ ಕೇಳಿದರೆ “ಎಲ್ಲ ಸರಿಯಾಗಿದೆಯಂತೆ” ಎಂಬ ಹಾರಿಕೆಯ ಉತ್ತರ. ಪತ್ರಿಕೆಯಲ್ಲಿ ಈ ರೋಗದ ಬಗ್ಗೆ ಲೇಖನ ಬಂದರೆ ಮೊದಲೆರಡು ಕಂಡಿಕೆ ಓದಿ, ‘ಕಾಲಾನಂತರದಲ್ಲಿ’ ಎಂಬ ಪದ ಬಂದೊಡನೆ ಪುಟ ತಿರುಗಿಸುತ್ತಿದ್ದೆ. ಸ್ನಾನದ ಮನೆಯಲ್ಲಿ ಸಾಬೂನಿನ ಡಬ್ಬಿಯ ಅಂಚಿನಿಂದ ಕಾಲ್ಬೆರಳುಗಳನ್ನು ಒತ್ತಿ ನೋಡಿಕೊಳ್ಳುತ್ತಿದ್ದೆ. ನೋವು ತಿಳಿಯಿತೋ, ತಿಳಿದಂತೆ ನಾನೇ ಅಂದುಕೊಂಡೆನೋ ಎಂಬ ಅನುಮಾನ ಬಂದ ಕೂಡಲೇ ಬೇಗಬೇಗ ನೀರು ಸುರಿದುಕೊಂಡು ಹೊರಬರುತ್ತಿದ್ದೆ.

ಆ ಬೆಳಿಗ್ಗೆ ಅಂಗಡಿಯಲ್ಲಿ ಜನವಿತ್ತು. ದೊಡ್ಡ ಸಂಸಾರವೊಂದು ಒಂದಿಡೀ ಬೆಂಚನ್ನು ಆಕ್ರಮಿಸಿ ಬೂಟುಗಳನ್ನು ಆರಿಸುತ್ತ ಗಲಾಟೆ ಎಬ್ಬಿಸಿತ್ತು. ನಾನು ಬೂಟು ಬಿಚ್ಚಿ, ಕಪ್ಪು ಕಾಲುಚೀಲದಲ್ಲಿ ಕಾಲು ನೀಡಿ ಕೂತಿದ್ದೆ. ಅಳತೆಯವರು ಅಂದು ಹಲಗೆಯನ್ನು ತರುವ ಮೊದಲೇ ಗೋದಾಮಿಗೆ ಮೂರು ಸಲ ಹೋಗಿ ಬಂದು, ಬೇರೆಯವರ ಡಬ್ಬಿಗಳನ್ನು ಕೊಟ್ಟು, ನನ್ನೆದುರು ಮೊಣಕಾಲೂರಿದರು. ನೆಲಕ್ಕೆ ಹಾಸಿದ್ದ ಕೆನೆಬಣ್ಣದ ಚಾಪೆಯ ಮೇಲೆ, ನನ್ನ ಹಿಮ್ಮಡಿಯ ಪಕ್ಕ, ನಾಣ್ಯದಗಲದ ಕೆಂಪು ಕಲೆ. ಅವರೇ ಮೊದಲು ಕಂಡದ್ದು. ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತಿತು. ಆಮೇಲೆ, ಎಂದೂ ದನಿಯೆತ್ತದ ಆ ಮನುಷ್ಯ ಇಡೀ ಅಂಗಡಿಗೆ ಕೇಳುವಂತೆ ಹೇಳಿದರು: “ಸಾರ್, ನಿಮ್ಮ ಕಾಲಲ್ಲಿ ರಕ್ತ!”

ನಾನು ನಂಬಿಬಿಟ್ಟೆ. ಆರೋಗ್ಯವಂತನಾಗಿದ್ದರೆ ನನಗೇನೂ ನೋವಿಲ್ಲವಲ್ಲ ಎಂದು ನಗುತ್ತಿದ್ದೆನೇನೋ. ನನ್ನ ಕಾಲಿನ ಸಾಕ್ಷ್ಯವನ್ನು ನಾನೇ ನಂಬುವ ಸ್ಥಿತಿಯಲ್ಲಿರಲಿಲ್ಲ. ಕಾಲುಚೀಲಗಳನ್ನು ಕಿತ್ತೆಸೆದೆ. ಆ ಸಂಸಾರವೆಲ್ಲ ಮಾತು ನಿಲ್ಲಿಸಿ ಇತ್ತ ತಿರುಗಿತು. ಬಿಳಿಚಿಕೊಂಡ, ಬೆರಳ ಸಂದಿಯಲ್ಲಿ ನೂಲಿನ ಚೂರು ಅಂಟಿಕೊಂಡ, ಎಲ್ಲಿಯೂ ಗೀರು ಕೂಡ ಇಲ್ಲದ ಎರಡು ಪಾದಗಳು. ಎದೆಯ ಮೇಲಿನ ಬಂಡೆ ಸರಿದಂತಾಯಿತು. “ನಂದಲ್ಲ! ನಂದಲ್ಲ!” ಎಂದು, ಕಳ್ಳತನದ ಆರೋಪದಿಂದ ಪಾರಾದವನ ಹಾಗೆ, ಕೂಗಿಯೇ ಬಿಟ್ಟೆ.

“ಅಣ್ಣಾ...” ಎಂದಳು ಗಲ್ಲಾದವಳು. ಅವಳ ಬೆರಳು ತೋರಿದ ಕಡೆ ನೋಡಿದೆವು. ಗೋದಾಮಿನ ಬಾಗಿಲಿನಿಂದ ಚಾಪೆಯವರೆಗೆ, ಒಂದು ಹೆಜ್ಜೆ ಬಿಟ್ಟು ಒಂದು ಹೆಜ್ಜೆಗೆ, ಕೆಂಪು ಚುಕ್ಕೆ. ಅಳತೆಯವರ ದೃಷ್ಟಿ ಆ ಸಾಲನ್ನು ಎಂದಿನಂತೆ ನೆಲದ ಮೇಲೆಯೇ ಓದುತ್ತ ಬಂದು ಅವರದೇ ಬಲಗಾಲಿನ ಬೂಟಿನ ಬಳಿ ನಿಂತಿತು. ಅವರ ಮುಖದಲ್ಲಿ ನೋವಿನ ಗೆರೆಯೊಂದೂ ಇರಲಿಲ್ಲ. ನನಗೆ ಭಯ ಹುಟ್ಟಿಸಿದ್ದು ಅದೇ. ಆಮೇಲೆ ತಿಳಿಯಿತು, ಅಟ್ಟೆಯ ಮೊಳೆಯೊಂದು ಎದ್ದು, ಕಿರುಬೆರಳಿನ ಬುಡಕ್ಕೆ ನಾಟಿ, ಬೆಳಗಿನಿಂದ ಅವರೊಡನೆ ನಡೆದಾಡಿತ್ತು. ಕಾಲನ್ನು ನೋಡಿಕೊಳ್ಳುವ ಬದಲು ಅವರು ಕೋಟಿನ ತೋಳಿನಿಂದ ಚಾಪೆ ಒರೆಸತೊಡಗಿದರು. “ಏನಿಲ್ಲ, ಏನಿಲ್ಲ. ಗಿರಾಕಿಗಳನ್ನ ನೋಡಮ್ಮ.”

ನಾನೇನು ಮಾಡಿದೆ? ಆಸ್ಪತ್ರೆ ನನ್ನ ಮನೆಯ ದಾರಿಯಲ್ಲೇ ಇತ್ತು. “ಡಾಕ್ಟರಿಗೆ ತೋರಿಸಿ” ಎಂದು ಗೋಡೆಗೆ ಹೇಳಿದಂತೆ ಹೇಳಿ, ಕಾಲುಚೀಲವನ್ನು ತಿರುವುಮುರುವಾಗಿ ಹಾಕಿಕೊಂಡು, ಅಳತೆಯೇ ಆಗದ ಹೊಸ ಬೂಟಿಗೆ ಬಿಲ್ಲು ಮಾಡಿಸಿ ಹೊರಬಿದ್ದೆ. ಓಡಿಹೋದೆ ಎಂದರೂ ಸರಿಯೇ.

ಹದಿನಾರು ದಿನ ಆ ಬೀದಿಯನ್ನು ತಪ್ಪಿಸಿ ಓಡಾಡಿದೆ. ಹದಿನೇಳನೆಯ ದಿನ ಹೋದಾಗ ಅವರಿರಲಿಲ್ಲ. “ಮೂರು ದಿನ ಬಟ್ಟೆ ಸುತ್ತಿಕೊಂಡು ಬಂದ್ರು ಸಾರ್, ನಾಲ್ಕನೇ ದಿನ ಜ್ವರ, ಕಾಲು ಊದಿಕೊಂಡಿತ್ತು” ಎಂದಳು ಗಲ್ಲಾದವಳು. ಅವಳ ಕಣ್ಣು ತುಂಬಿದ್ದರೂ ಒಂದು ಸಂಗತಿ ಹೇಳುವಾಗ ನಗು ತಡೆಯಲಾಗಲಿಲ್ಲ. ಹಿಂದೊಮ್ಮೆ ಬಾಗಿಲಿಗೆ ತಲೆ ತಗಲುವಂಥ ಎತ್ತರದ ಮನುಷ್ಯನೊಬ್ಬ ಬಂದು ಹನ್ನೆರಡನೇ ನಂಬರು ಕೇಳಿದನಂತೆ. ವರ್ಷಕ್ಕೊಬ್ಬರೂ ಕೇಳದ ನಂಬರು. ಇವಳೇ ಏಣಿ ಹತ್ತಿ ಡಬ್ಬಿ ಇಳಿಸಿ ಬಿಚ್ಚಿದರೆ ಒಳಗೆ ಬೂಟಿಲ್ಲ; ಮಾತ್ರೆಯ ಹಾಳೆಗಳು, ರಕ್ತಪರೀಕ್ಷೆಯ ಚೀಟಿಗಳು. “ನಮ್ಮಕ್ಕಂದು, ನಮ್ಮಕ್ಕಂದು ಅಂತ ಕಿತ್ಕೊಂಡ್ರು ಸಾರ್. ಅವರಕ್ಕ ತೀರಿಹೋಗಿ ಐದು ವರ್ಷ ಆಗಿತ್ತು. ನಾನೂ ಸುಮ್ಮನಾದೆ. ಸುಮ್ಮನಾಗಬಾರದಾಗಿತ್ತು ಅಲ್ವಾ?” ನಾನು ಅವರ ಮನೆಯ ವಿಳಾಸ ಕೇಳಿದೆ.

ಅವರ ಮನೆ ಎರಡು ಬೀದಿಯಾಚೆ, ಮೂರನೆಯ ಮಹಡಿ. ಬಾಗಿಲು ತೆಗೆದ ಅವರ ಹೆಂಡತಿ ದಾರಿ ಬಿಟ್ಟರು. ಕಿಟಕಿಯ ಬಳಿ ಮಂಚ. ದಿಂಬಿನ ಮೇಲೆ ಕಟ್ಟು ಹಾಕಿದ ಕಾಲು. ಅಳತೆಯವರ ಕಣ್ಣು ಅಭ್ಯಾಸದಂತೆ ನನ್ನ ಕಾಲಿಗಿಳಿಯಿತು. ಹೊಸ ಬೂಟನ್ನು ಬಾಗಿಲ ಹೊರಗೆ ಬಿಚ್ಚಿದ್ದರೂ ಹಿಮ್ಮಡಿಯ ಮೇಲಿನ ಕೆಂಪು ಪಟ್ಟೆ ಸಾಕಾಯಿತು.

“ಕಚ್ತಾ ಇದ್ದಾರೆ ಅಲ್ವಾ ಸಾರ್? ಅವತ್ತು ಅಳೀಲೇ ಇಲ್ಲ ನಾನು.”

“ಊರವರ ಕಾಲೆಲ್ಲ ಹಿಡಿದ್ರು,” ಎಂದರು ಅವರ ಹೆಂಡತಿ, ಕುರ್ಚಿ ಎಳೆದು ಹಾಕುತ್ತ, “ತಮ್ಮ ಕಾಲು ಮಾತ್ರ ಚಿನ್ನದ್ದು ಅಂತ ಮುಚ್ಚಿಟ್ಟುಕೊಂಡ್ರು. ನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ ಸ್ವಾಮಿ! ಒಂದೇ ಮನೇಲಿದ್ದು ನಂಗೆ ಗೊತ್ತಿಲ್ಲ.”

ಅಕ್ಕನ ಕಥೆಯನ್ನು ಅಳತೆಯವರು ಚೂರುಚೂರಾಗಿ ಹೇಳಿದರು. ತಾಯಿಯ ಜಾಗದಲ್ಲಿ ನಿಂತು ಸಾಕಿದವಳು. ಅವಳಿಗೂ ಇದೇ ಕಾಯಿಲೆ. ಅಂಗಡಿಯಲ್ಲಿ ಕೆಲಸ ಗಟ್ಟಿಯಾದ ವರ್ಷ ಅವಳಿಗೊಂದು ಜೊತೆ ಒಳ್ಳೆಯ ಬೂಟು ಒಯ್ದು ಕೊಟ್ಟಿದ್ದರು. ಹಾಕಿಕೊಂಡು ನಡೆದು ತೋರಿಸಿ, ಸರಿಯಾಗಿದೆ ಕಣೋ, ಹೂವಿನ ಹಾಗಿದೆ ಎಂದಳಂತೆ. ಬಿಗಿಯಾಗಿದ್ದದ್ದು ಅವಳಿಗೆ ತಿಳಿದೇ ಇರಲಿಲ್ಲ. ಬೆರಳು ಕಪ್ಪಾಗಿ, ಪಾದ ಹೋಗಿ, ಕೊನೆಗೆ ಮೊಣಕಾಲಿನವರೆಗೆ. “ಅವಳ ಬಾಯಿ ನಂಬಿದೆ ಸಾರ್. ಅವತ್ತಿಂದ ಯಾರ ಬಾಯೂ ನಂಬಿಲ್ಲ. ನಂಗೇ ಬಂದಾಗ ಮಾತ್ರ... ಯಾವ ಮುಖ ಇಟ್ಕೊಂಡು ಹೇಳಲಿ? ಕಾಲಿನವನೇ ಕಾಲು ಕಳಕೊಂಡ ಅಂತ ನಗಲ್ವಾ ಜನ? ಮುಟ್ಟಿ ನೋಡ್ಕೊಂಡ್ರೆ ತಾನೇ ಗೊತ್ತಾಗೋದು ಅಂತ, ಮುಟ್ಟೋದನ್ನೇ ಬಿಟ್ಟೆ.”

ಆಗ ನಾನು ಬಾಯಿ ಬಿಟ್ಟೆ. ನನ್ನ ಆರು ವರ್ಷ, ನಿಘಂಟಿನ ಚೀಟಿಗಳು, ಆ ದಿನ ನನ್ನ ಕಾಲು ಕ್ಷೇಮವೆಂದು ತಿಳಿದಾಗ ಎದುರಿಗೆ ಯಾರ ರಕ್ತ ಹರಿಯುತ್ತಿದೆಯೆಂಬ ಯೋಚನೆಯೂ ಇಲ್ಲದೆ ಹಿಗ್ಗಿದ್ದು, ಎಲ್ಲವನ್ನೂ ತಲೆ ತಗ್ಗಿಸಿ ಹೇಳಿದೆ. ಕ್ಷಮಿಸಿ ಎಂದೆ.

ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿದರು.

“ನೀವು ಕ್ಷಮೆ ಕೇಳಬೇಡಿ ಸಾರ್. ಆ ಕಲೆ ನೋಡಿದಾಗ, ನಂದೇ ಇರಬಹುದು ಅಂತ ಒಂದು ಗಳಿಗೆ ಹೊಳೀತು. ಹೊಳೆದ ಮೇಲೇ ನಿಮ್ಮ ಕಾಲು ಅಂತ ಕೂಗಿದ್ದು. ಅಷ್ಟು ಜನರ ಮುಂದೆ. ನಿಮ್ಮದೇ ಆಗಿರಲಿ ಅಂತ ಅಂದುಕೊಂಡೆ ಸಾರ್ ನಾನು.”

ಅವರ ಹೆಂಡತಿ ಬೋಗುಣಿಯಲ್ಲಿ ನೀರು, ಹೊಸ ಬಟ್ಟೆ ತಂದು ಮಂಚದ ತುದಿಯಲ್ಲಿ ಕೂತು ಕೈ ಚಾಚಿದರು. ಅಳತೆಯವರು ಕಾಲೆಳೆದುಕೊಂಡರು. “ಸಾರ್ ಇದ್ದಾರಲ್ಲೇ.”

“ಇರಲಿ. ಅವರೂ ನೋಡಿ ಕಲೀಲಿ, ಮನೆಗೆ ಹೋಗಿ ಹೆಂಡತಿಗೆ ಹೇಳಿಕೊಡಬೇಕಲ್ಲ. ಕೊಡಿ ಇಲ್ಲಿ.”

ಹೆಂಡತಿಯ ಮಡಿಲಲ್ಲಿ ಕಾಲಿದ್ದಷ್ಟು ಹೊತ್ತೂ ಅವರು ತೋಳಿನಿಂದ ಕಣ್ಣು ಮುಚ್ಚಿಕೊಂಡಿದ್ದರು. ಸಾವಿರಾರು ಜನರ ಪಾದಗಳನ್ನು ಎಳ್ಳಷ್ಟೂ ಹೇಸದೆ ತಮ್ಮ ತೊಡೆಯ ಮೇಲಿಟ್ಟುಕೊಂಡ ಮನುಷ್ಯ. ಆಕೆ ಅವಸರವಿಲ್ಲದೆ ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ, ಒರೆಸಿ, ಕೆಳಗೊಂದು ಕೈಗನ್ನಡಿ ಹಿಡಿದು ಅಂಗಾಲನ್ನು ಪರೀಕ್ಷಿಸಿದರು. ನಾನು ಕಣ್ಣು ತಪ್ಪಿಸದೆ ನೋಡಿದೆ. ನನ್ನಿಂದ ಆಗಬಹುದಾಗಿದ್ದ ಪ್ರಾಯಶ್ಚಿತ್ತ ಅಷ್ಟೇ.

ಆ ಸಂಜೆ ನಿಘಂಟು ಕೊಡವಿ, ಚೀಟಿಗಳನ್ನು ಹೆಂಡತಿಯ ಮುಂದಿಟ್ಟೆ. ಎರಡು ದಿನ ಅವಳು ಮಾತಾಡಲಿಲ್ಲ, ರೋಗಕ್ಕಲ್ಲ, ಬಚ್ಚಿಟ್ಟದ್ದಕ್ಕೆ. ಮೂರನೆಯ ದಿನ ಅವಳೇ ಆಸ್ಪತ್ರೆಗೆ ಹೊರಡಿಸಿದಳು. ಕಣ್ಣಿನ ಹಿಂಪದರದಲ್ಲಿ ಹಾನಿಯ ಸಣ್ಣ ಆರಂಭ ಕಂಡಿತು. ಬೇಗ ಬಂದಿರಿ ಎಂದರು ವೈದ್ಯರು. ಆ ಮಾತಿಗೂ ನಾನು ನಾಚಬೇಕಾಯಿತು.

ಅಳತೆಯವರು ನಾಲ್ಕನೆಯ ತಿಂಗಳಿಗೆ ಅಂಗಡಿಗೆ ಬಂದರು. “ಕಿರುಬೆರಳಿನವರು ಹೋದರು ಸಾರ್. ಮಿಕ್ಕವರು ಇದ್ದಾರೆ.” ಗಲ್ಲಾದವಳು ತಾನೇ ಹಲಗೆ ಹಿಡಿದು ಅಳೆದು ಕೊಟ್ಟ ಅಗಲದ ಬೂಟು ಅವರ ಕಾಲಲ್ಲಿತ್ತು, ಗಿಡ್ಡ ಸ್ಟೂಲಿನ ಮೇಲೆ ಕೂರುತ್ತಿದ್ದರು. ಭಯ ಹೋಯಿತೇ ಎಂದು ಕೇಳಿದೆ. “ಎಲ್ಲಿಗೆ ಹೋಗುತ್ತೆ ಸಾರ್? ಬೆಳಿಗ್ಗೆ ಹತ್ತು ನಿಮಿಷ ಕನ್ನಡಿ ಹಿಡ್ಕೊಂಡು ಅದರ ಮಾತು ಕೇಳ್ತೀನಿ. ಆಮೇಲೆ, ನೀನು ಮನೇಲಿರು, ನಂಗೆ ಕೆಲಸ ಇದೆ ಅಂತ ಹೊರಟು ಬರ್ತೀನಿ.” ಯಾರಾದರೂ ಗಿರಾಕಿ ಬಿಗಿಯಾದ ಬೂಟನ್ನು ಸರಿಯಾಗಿದೆ ಎಂದು ಹೇಳಿ, ಇವರ ಹೆಬ್ಬೆರಳು ಬೇರೆಯೇ ಸುದ್ದಿ ಹೇಳಿದರೆ, ಅವರನ್ನು ಗೋದಾಮಿನ ಮರೆಗೆ ಕರೆದೊಯ್ದು, ಕಿವಿಯವರೆಗೂ ಕೆಂಪಾಗಿ, ತಮ್ಮ ಬಲಗಾಲಿನ ಕಾಲುಚೀಲವನ್ನು ಇಳಿಸಿ ತೋರಿಸುತ್ತಿದ್ದರು.

ಲೋಕದಲ್ಲಿ ಇಂಥವರದೊಂದು ಪಂಗಡವೇ ಇದೆ. ಅನ್ಯರ ದೇಹದ ಕುಂದುಕೊರತೆಗಳನ್ನು ಕೈಗೆತ್ತಿಕೊಂಡು ಸಂತೈಸುವುದರಲ್ಲೇ ಆಯುಷ್ಯ ಕಳೆದವರು, ತಮ್ಮದನ್ನು ಮಾತ್ರ ಕದ್ದ ಮಾಲಿನಂತೆ ಅಡಗಿಸಿಡುವವರು. ಅವರನ್ನು ಕಪಟಿಗಳೆನ್ನುವುದು ಸುಲಭ, ನಾನೂ ಒಮ್ಮೆ ಅಂದುಕೊಂಡಿದ್ದೆ. ಮುಂದೇನಾದೀತೆಂಬುದನ್ನು ಅವರು ನಮಗಿಂತ ಹತ್ತಿರದಿಂದ ಕಂಡಿರುತ್ತಾರೆ. ಆದ್ದರಿಂದಲೇ ಅವರ ಹೆದರಿಕೆ ಆಳ, ಹೆದರಿದೆವೆಂಬ ಲಜ್ಜೆ ಅದಕ್ಕಿಂತ ಆಳ. ಒಂದು ದಿನ ಅವರು ಕಾಲು ಮುಂದೆ ಚಾಚುವುದು ಆ ಲಜ್ಜೆ ಕಳೆದು ನಿರಾಳವಾದ ಮೇಲಲ್ಲ. ಅದು ಕಳೆಯುವುದಿಲ್ಲ. ಮುಖ ಕೆಂಪಾಗಿರುವಾಗಲೇ, ತೋಳಿನಿಂದ ಕಣ್ಣು ಮುಚ್ಚಿಕೊಂಡಾದರೂ ಸರಿಯೇ, ಚಾಚುತ್ತಾರೆ. ಅವರನ್ನು ಕಂಡು ನಮ್ಮಂಥವರೂ ನಿಧಾನವಾಗಿ ಕಾಲುಚೀಲ ಕಳಚುತ್ತೇವೆ.