ಹಬ್ಬದ ದಿನದ ಲಾರಿಗಳು

ನನ್ನ ತಮ್ಮ ದಾನಿಲೊ ಮಿಲಾನಿನಲ್ಲಿ ಟೈರು ಮಾರಿದ, ಪಾರ್ಮಾದಲ್ಲಿ ಬಿಸ್ಕತ್ತು ಮಾರಿದ, ರೋಮಿನಲ್ಲಿ ಟೆಲಿಫೋನು ಮಾರಿದ, ಜಿನೋವಾದಲ್ಲಿ ಹಡಗು ಮಾರಿದ. ಕೊನೆಗೆ ಒಂದು ಆಗಸ್ಟಿನಲ್ಲಿ ಹುಟ್ಟಿದೂರನ್ನೇ ಮಾರಲು ಬಂದ. ಇದನ್ನು ಹೇಳುವಾಗ ಈಗಲೂ ನನ್ನ ಮೈ ಉರಿಯುತ್ತದೆ. ಉರಿಯಲಿ. ತಣ್ಣಗೆ ಕೂತು ಹೇಳುವಂಥ ಕತೆಯಲ್ಲ ಇದು.

ಅವನಿಗೆ ಟೈರು ಮಾಡುವುದು ಗೊತ್ತಿರಲಿಲ್ಲ, ಬಿಸ್ಕತ್ತಿಗೆ ಹಿಟ್ಟು ಕಲಸುವುದೂ ಗೊತ್ತಿರಲಿಲ್ಲ. ಅದು ಅವನ ಕೆಲಸವೂ ಆಗಿರಲಿಲ್ಲ. ಯಾವುದಾದರೂ ಕಂಪನಿ ಸೊರಗಿದರೆ ಅದರ ಮಾಲೀಕರು ಇವನನ್ನು ಕರೆಸುತ್ತಿದ್ದರು. ಇವನು ಹೋಗಿ ಕುರ್ಚಿಯಲ್ಲಿ ಕೂತು, ಜನರನ್ನು ಮನೆಗೆ ಕಳಿಸಿ, ಕಂಪನಿ ಚೇತರಿಸಿಕೊಂಡಿತೆಂದು ಪತ್ರಿಕೆಗಳಲ್ಲಿ ಬರೆಸಿ, ಮುಂದಿನ ಕುರ್ಚಿಗೆ ನಡೆಯುತ್ತಿದ್ದ. ಪ್ರತಿ ಕುರ್ಚಿಯೂ ಹಿಂದಿನದಕ್ಕಿಂತ ದೊಡ್ಡದು. ಅವನ ಫೋಟೋ ಬಂದಾಗಲೆಲ್ಲ ನಮ್ಮೂರ ಚೌಕದ ಬಾರಿನವನು ಅದನ್ನು ಕತ್ತರಿಸಿ ಕಾಫಿ ಯಂತ್ರದ ಪಕ್ಕ ಅಂಟಿಸುತ್ತಿದ್ದ. ಅಮ್ಮನಂತೂ ಹೆತ್ತ ಮಗನನ್ನು ಹೆಸರಿಟ್ಟು ಕರೆಯುವುದನ್ನೇ ಬಿಟ್ಟಳು. ಪಾದ್ರಿಯ ಹತ್ತಿರವೂ ತರಕಾರಿಯವಳ ಹತ್ತಿರವೂ "ನಮ್ಮ ಇಂಜಿನಿಯರ್" ಎನ್ನುತ್ತಿದ್ದಳು.

ನಮ್ಮದು ಮಾರ್ಕೆ ಸೀಮೆಯ ಗುಡ್ಡದ ಊರು. ಇರುವುದು ಒಂದೇ ಕಾರ್ಖಾನೆ, ಬಟ್ಟೆ ಒಗೆಯುವ ಯಂತ್ರದ್ದು. ನನ್ನ ಗಂಡ ಪ್ರೀಮೊ ಅಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತೇ ತಲೆ ಬೆಳ್ಳಗಾಗಿಸಿಕೊಂಡವನು. ಮಗಳೂ ಅಲ್ಲೇ, ಅಳಿಯನೂ ಅಲ್ಲೇ. ಆ ಪ್ರೆಸ್ಸುಗಳಿದ್ದರೆ ಕಾರ್ಖಾನೆ, ಅವಿಲ್ಲದಿದ್ದರೆ ಬರೀ ದೊಡ್ಡ ಕೊಟ್ಟಿಗೆ. ಆ ವರ್ಷ ವಸಂತದಲ್ಲಿ ಮಾಲೀಕರು ದಾನಿಲೊನನ್ನು ಕಾರ್ಖಾನೆಯ ಮುಖ್ಯಸ್ಥನಾಗಿ ನೇಮಿಸಿದಾಗ ಊರಿನವರು ಬ್ಯಾಂಡ್ ಬಾರಿಸಿದರು. ನಮ್ಮ ಹುಡುಗನೇ ಬಂದ ಮೇಲೆ ಇನ್ನೇನು ಭಯ ಎಂದು ಹೆಂಗಸರು ನನ್ನ ಕೆನ್ನೆಗೆ ಮುತ್ತಿಟ್ಟರು.

ಆಗಸ್ಟಿನಲ್ಲಿ ಕಾರ್ಖಾನೆಗೆ ಬೀಗ ಬೀಳುತ್ತದೆ. ಇಡೀ ಊರು ಗುಡ್ಡ ಇಳಿದು ಸೆನಿಗಾಲಿಯಾದ ಕಡಲಿಗೆ ಹೋಗುತ್ತದೆ, ಅಲ್ಲೂ ಬೇರೆ ಬೇರೆಯಾಗಿ ಅಲ್ಲ. ದಂಡೆಯಲ್ಲಿ ಕೊಡೆ ಬಾಡಿಗೆಗೆ ಕೊಡುವ ಓತೆಲ್ಲೊ ಎಂಬುವನ ಕೊಡೆಗಳ ಕೆಳಗೇ ಎಲ್ಲರೂ ಕೂರಬೇಕು, ಅದೂ ಅಪ್ಪನ ಕಾಲದಿಂದ ಬಂದ ಅದೇ ಸಾಲಿನಲ್ಲಿ. ಪ್ರೆಸ್ಸಿನವರು ಮುಂದೆ, ಬಣ್ಣದವರು ಹಿಂದೆ, ಆಫೀಸಿನವರು ನಲ್ಲಿಯ ಹತ್ತಿರ. ವರ್ಷವೆಲ್ಲ ಯಾರ ಪಕ್ಕ ದುಡಿದರೋ ಅವರ ಪಕ್ಕದಲ್ಲೇ ಬೆನ್ನು ಸುಟ್ಟುಕೊಳ್ಳದಿದ್ದರೆ ನಮ್ಮವರಿಗೆ ರಜೆ ಅನ್ನಿಸುವುದಿಲ್ಲ.

ಅಮ್ಮ ಗಾಲಿಕುರ್ಚಿ ಹಿಡಿದಿದ್ದಳು, ಬಿಸಿಲು ತಡೆಯುತ್ತಿರಲಿಲ್ಲ. ಅದಕ್ಕೇ ಮನೆಯವರನ್ನೆಲ್ಲ ಕಡಲಿಗೆ ಕಳಿಸಿ ನಾನೊಬ್ಬಳೇ ಅವಳ ಜೊತೆ ಉಳಿದಿದ್ದೆ. ಹದಿನೈದನೆಯ ತಾರೀಕು, ಫೆರಾಗೋಸ್ತೊ ಹಬ್ಬ. ಊರಿನಲ್ಲಿ ಬೆಕ್ಕುಗಳು ಬಿಟ್ಟರೆ ನರಪಿಳ್ಳೆಯಿಲ್ಲ. ಎಷ್ಟೋ ವರ್ಷಗಳಿಂದ ಹಬ್ಬಕ್ಕೆ ಮುಖ ತೋರಿಸದಿದ್ದ ದಾನಿಲೊ ಊಟಕ್ಕೆ ಬರುತ್ತೇನೆಂದು ಫೋನು ಮಾಡಿದ. ನಾನು ಬೆಳಗಿನಿಂದ ಒಲೆ ಮುಂದೆ ಬೆಂದು ಅವನಿಗಿಷ್ಟವೆಂದು ಸೋಂಪು ಸೊಪ್ಪು ತುಂಬಿ ಮೊಲ ಹುರಿದೆ.

ಅವನು ಮೊದಲ ತುತ್ತು ಬಾಯಿಗಿಡುವ ಹೊತ್ತಿಗೆ ಕಿಟಕಿಯ ಗಾಜು ನಡುಗಿತು. ಬಗ್ಗಿ ನೋಡಿದರೆ ಹೊರದೇಶದ ನಂಬರು ಫಲಕ ಹೊತ್ತ ಉದ್ದನೆಯ ಲಾರಿಗಳು ಒಂದರ ಹಿಂದೆ ಒಂದು ಕಾರ್ಖಾನೆಯ ಕಡೆ ತಿರುಗುತ್ತಿದ್ದವು. ಹಬ್ಬದ ದಿನ ದೊಡ್ಡ ಲಾರಿಗಳು ರಸ್ತೆಗಿಳಿಯುವಂತಿಲ್ಲ. ನಮ್ಮ ದೇಶದಲ್ಲಿ ಇದು ಎಳೆ ಮಕ್ಕಳಿಗೂ ಗೊತ್ತು.

"ಫೆರಾಗೋಸ್ತೊ ದಿನ ಲಾರಿ ಎಲ್ಲಿಂದ ಬಂತೋ?" ಎಂದೆ.

"ಪರ್ಮಿಷನ್ ತಗೊಂಡಿರ್ತಾರೆ ಬಿಡಕ್ಕ. ಮೊಲ ಚೆನ್ನಾಗಿದೆ, ಇನ್ನೊಂಚೂರು ಹಾಕು."

"ಯಾರು ತಗೊಂಡಿರ್ತಾರೆ?"

ಅವನು ಮುಳ್ಳುಚಮಚ ಕೆಳಗಿಟ್ಟ. ನನ್ನನ್ನು ನೋಡಲಿಲ್ಲ, ಬಾಯಿ ಒರೆಸಿಕೊಂಡ. "ಸಾಯಂಕಾಲದವರೆಗೂ ಯಾರಿಗೂ ಹೇಳ್ಬೇಡ. ಪ್ರೆಸ್ಸುಗಳು ಪೋಲೆಂಡಿಗೆ ಹೋಗ್ತಿವೆ. ಅಲ್ಲಿ ಕೂಲಿ ಕಡಿಮೆ. ಇವತ್ತು ರಾತ್ರಿಯೊಳಗೆ ಗಡಿ ಕಡೆ ಹೊರಟುಬಿಡ್ತವೆ."

"ಮತ್ತೆ ರಜೆ ಮುಗಿಸ್ಕೊಂಡು ಜನ ಬಂದ್ರೆ?"

"ಬಂದಾಗ ಹೇಳ್ತೀವಿ. ಎಲ್ರೂ ಇದ್ದಾಗ ಮಾಡಿದ್ರೆ ಗಲಾಟೆ ಆಗುತ್ತೆ, ಪೊಲೀಸ್ರು ಬರ್ತಾರೆ, ಯಾರದೋ ತಲೆ ಒಡೆಯುತ್ತೆ. ಹೀಗೆ ಮಾಡಿದ್ರೆ ಯಾರಿಗೂ ನೋವಾಗಲ್ಲ."

"ಹೌದಪ್ಪ. ಮತ್ತು ಬರೋ ಸೂಜಿ ಚುಚ್ಚಿ ಕೈ ಕತ್ತರಿಸಿದ್ರೆ ನೋವೇ ಆಗಲ್ಲ. ಎದ್ದ ಮೇಲೆ ಏನ್ ಮಾಡ್ಬೇಕು ಅವ್ನು?"

"ಅಕ್ಕ, ಇದು ನನ್ನೊಬ್ಬನ ನಿರ್ಧಾರ ಅಲ್ಲ. ಭಾವನಿಗೆ ಬೊಲೊನ್ಯಾದ ಗೋಡೌನಲ್ಲಿ ಒಂದು ಜಾಗ ಇಟ್ಟಿದೀನಿ. ನಿಮ್ಮನೆಗೆ ತೊಂದ್ರೆ ಆಗ್ದಿರೋ ಹಾಗೆ ನೋಡ್ಕೋತೀನಿ."

ನಿಮ್ಮನೆಗೆ ಎಂದ. ಅಮ್ಮ ಹೊಲದ ಕೂಲಿಗೆ ಹೋದಾಗ ಇವನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು ನಾನು. ಇವನು ಇಂಜಿನಿಯರಿಂಗ್ ಓದಲೆಂದು ಶಾಲೆ ಬಿಟ್ಟು ಅದೇ ಕಾರ್ಖಾನೆಯಲ್ಲಿ ಮೋಟಾರುಗಳಿಗೆ ತಂತಿ ಸುತ್ತಿದವಳೂ ನಾನೇ. ಕೈಯಲ್ಲಿದ್ದ ಬಾಣಲೆಯನ್ನು ಅವನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ಬೋರಲು ಹಾಕಬೇಕೆನ್ನಿಸಿತು. ಅಷ್ಟರಲ್ಲಿ ಕಿವಿ ಮಂದವಾದ ಅಮ್ಮ ಮೇಜಿನ ಆ ತುದಿಯಿಂದ, "ಇಂಜಿನಿಯರ್‌ಗೆ ಸಾರು ಹಾಕೇ, ಒಣ ಒಣ ತಿಂತಿದಾನೆ" ಎಂದಳು.

ನಾನು ಸಾರು ಹಾಕಿದೆ. ಆಮೇಲೆ, "ಬ್ರೆಡ್ ಸಾಲಲ್ಲ, ಬೇಕರಿಗೆ ಹೋಗಿ ಬರ್ತೀನಿ. ಅಮ್ಮನಿಗೆ ಹಲ್ಲಿಲ್ಲ, ಸಣ್ಣಗೆ ಹೆಚ್ಚಿ ಬಾಯಿಗೆ ಕೊಡು" ಎಂದೆ. ಅವನು ತಲೆಯಾಡಿಸಿ ಚಾಕು ತೆಗೆದುಕೊಂಡ. ಫೆರಾಗೋಸ್ತೊ ದಿನ ನಮ್ಮೂರ ಬೇಕರಿ ಬಾಗಿಲು ತೆಗೆಯುವುದಿಲ್ಲ ಎನ್ನುವುದು ಅವನಿಗೆ ಮರೆತೇಹೋಗಿತ್ತು.

ಕಾರಿನಲ್ಲಿ ಕೂತು ಪ್ರೀಮೊನಿಗೆ ಫೋನು ಮಾಡಿದೆ. ಕಡಲಿಗೆ ಹೋದರೆ ಫೋನು ಆರಿಸಿ ಚಪ್ಪಲಿಯೊಳಗೆ ತುರುಕುವ ಗಂಡ ಅವನು. ಸೆನಿಗಾಲಿಯಾದ ದಾರಿಯುದ್ದಕ್ಕೂ ಅವನಿಗೂ ಬೈದೆ, ತಮ್ಮನಿಗೂ ಬೈದೆ, ವಸಂತದಲ್ಲಿ ಡೋಲು ಬಡಿದವರಿಗೂ ಬೈದೆ.

ಓತೆಲ್ಲೊ ತನ್ನ ಮರದ ಗೂಡಿನಲ್ಲಿ ತೂಕಡಿಸುತ್ತಿದ್ದ. ಕಡಲದಂಡೆಯಲ್ಲಿ ಮಕ್ಕಳು ತಪ್ಪಿಸಿಕೊಂಡಾಗ ಕೂಗಲು ಅವನ ಹತ್ತಿರ ಒಂದು ಮೈಕಿದೆ. ನಾನು ನೇರವಾಗಿ ಅದಕ್ಕೆ ಕೈ ಹಾಕಿದೆ.

"ಎಲ್ವಿರಕ್ಕ, ಬಿಡಿ ಅದನ್ನ. ಊಟ ಆದ್ಮೇಲೆ ಮೈಕ್ ಹಾಕೋ ಹಾಗಿಲ್ಲ, ಜನ ಮಲಗಿದಾರೆ. ನಗರಸಭೆಯವ್ರು ದಂಡ ಜಡೀತಾರೆ."

"ಮಗು ಕಳೆದುಹೋದ್ರೆ?"

"ಮಗು ಕಳೆದ್ರೆ ಹಾಕ್ಬಹುದು. ಯಾರ್ ಮಗು?"

"ನಮ್ಮಮ್ಮನ ಮಗು. ಸೂಟು ಹಾಕ್ಕೊಂಡಿದೆ. ಕೊಡಿ ಇಲ್ಲಿ."

ನನಗೆ ಭಾಷಣ ಮಾಡಿ ಗೊತ್ತಿಲ್ಲ. ಬಾಯಿಗೆ ಬಂದಿದ್ದನ್ನು ಹೇಳಿದೆ. "ನಾನು ಎಲ್ವಿರಾ, ಪ್ರೀಮೊನ ಹೆಂಡ್ತಿ. ಏಳ್ರಪ್ಪ, ಏಳ್ರಮ್ಮ. ಕಾರ್ಖಾನೆಗೆ ಲಾರಿ ಬಂದಿವೆ, ನಿಮ್ಮ ಪ್ರೆಸ್ಸುಗಳನ್ನ ತುಂಬ್ತಿದಾರೆ. ನೀವು ಇಲ್ಲಿ ಬೆನ್ನು ಸುಟ್ಕೊಳ್ತಿರೋವಾಗ ಅವು ಪೋಲೆಂಡಿಗೆ ಹೋಗ್ತವೆ. ಮಾಡಿಸ್ತಿರೋನು ನನ್ನ ತಮ್ಮ. ಅವ್ನೇ ನನ್ನೆದುರಿಗೆ ಹೇಳಿದ."

ಮುಂದಿನ ಸಾಲಿನಲ್ಲಿ ಪ್ರೀಮೊ ಎದ್ದು ನಿಂತ. ನನ್ನ ಕಡೆ ನೋಡಿದ, ಬಗ್ಗಿ ತನ್ನ ಕೊಡೆಯನ್ನು ಮಡಿಚಿದ. ಅವನ ಪಕ್ಕದ ಕೊಡೆ ಮಡಿಚಿಕೊಂಡಿತು, ಅದರ ಪಕ್ಕದ್ದು, ಹಿಂದಿನ ಸಾಲಿನವು. ಆಫೀಸಿನವರು ಮಾತ್ರ ನಲ್ಲಿಯ ಹತ್ತಿರ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಅವರೂ ಬಂದರು.

ಬಟ್ಟೆ ಬದಲಿಸಿಕೊಳ್ಳಲು ಯಾರೂ ನಿಲ್ಲಲಿಲ್ಲ. ನಾವು ಗೇಟು ಮುಟ್ಟಿದಾಗ ಮೊದಲ ಲಾರಿ, ಪ್ರೀಮೊನ ಪ್ರೆಸ್ಸನ್ನು ಸರಪಳಿಯಲ್ಲಿ ಬಿಗಿದುಕೊಂಡು, ಮೂತಿ ಹೊರಗಿಡುತ್ತಿತ್ತು. ಜನ ಚಡ್ಡಿಯಲ್ಲಿ, ಈಜುವ ಉಡುಪಿನಲ್ಲಿ, ಮೈಗೆ ಹತ್ತಿದ ಮರಳಿನ ಸಮೇತ ಹೋಗಿ ಅದರ ಮುಂದೆ ಕಡಲಿನ ಕುರ್ಚಿಗಳನ್ನು ಬಿಡಿಸಿಟ್ಟು ಕೂತರು. ಪೋಲೆಂಡಿನ ಡ್ರೈವರು ಹಾರ್ನು ಬಾರಿಸಿದ. ಇಷ್ಟು ಬತ್ತಲೆ ಹೊಟ್ಟೆಗಳನ್ನು ಒಟ್ಟಿಗೆ ನೋಡಿದವನಲ್ಲವೇನೋ, ಇಂಜಿನ್ ಆರಿಸಿ ಕೆಳಗಿಳಿದ. ಬಣ್ಣದ ವಿಭಾಗದ ಲುಚಾನಾ ತನ್ನ ಬುಟ್ಟಿಯಿಂದ ಅವನಿಗೊಂದು ಪೀಚ್ ಹಣ್ಣು ಕೊಟ್ಟಳು.

ಆಗ ದಾನಿಲೊ ಬಂದ. ಅಮ್ಮನನ್ನು ಒಬ್ಬಳೇ ಬಿಟ್ಟು ಬರುವಂತಿಲ್ಲವಲ್ಲ, ಗಾಲಿಕುರ್ಚಿ ತಳ್ಳಿಕೊಂಡೇ ಇಳಿಜಾರಿನಲ್ಲಿ ಏದುಸಿರು ಬಿಡುತ್ತಾ ಬಂದ. ಅವಳ ಗದ್ದಕ್ಕೆ ಊಟದ ಕರವಸ್ತ್ರ ಕಟ್ಟಿಯೇ ಇತ್ತು. "ಏನೋ ಇಂಜಿನಿಯರ್, ಇವ್ರೆಲ್ಲ ಯಾಕೋ ಬಟ್ಟೆಬರೆ ಇಲ್ದೆ ಕೂತಿದಾರೆ?" ಎಂದು ಅಮ್ಮ ಕೇಳಿದಳು. ಅವನು ಗಾಲಿಕುರ್ಚಿಯನ್ನು ನೆರಳಿಗೆ ನಿಲ್ಲಿಸಿದ.

ನನ್ನ ಗಂಡನ ಹತ್ತಿರ ಬಗ್ಗಿ, "ಭಾವ, ಇವ್ರಿಗೆ ಏಳೋಕೆ ಹೇಳಿ. ನಿಮಗೂ ಮಗಳಿಗೂ ಅಳಿಯನಿಗೂ ಬೊಲೊನ್ಯಾದಲ್ಲಿ ಕೆಲಸ ಕೊಡಿಸ್ತೀನಿ, ನಾಳೆನೇ" ಎಂದ.

ಪ್ರೀಮೊನದು ಯಾವಾಗಲೂ ಮಾತು ಕಡಿಮೆ. "ಸ್ವಲ್ಪ ಆ ಕಡೆ ನಿಂತ್ಕೊಳ್ಳಪ್ಪ, ಬಿಸಿಲು ಬೀಳ್ತಿಲ್ಲ ನಂಗೆ" ಎಂದ. ಕೂತವರೆಲ್ಲ ನಕ್ಕರು. ಇಷ್ಟೊಂದು ಕುರ್ಚಿ ಕಂಡಿದ್ದ ನನ್ನ ತಮ್ಮನಿಗೆ ಅಲ್ಲಿ ಕೂರಲು ಒಂದು ಕುರ್ಚಿಯನ್ನೂ ಯಾರೂ ಕೊಡಲಿಲ್ಲ.

ಅವನು ನನ್ನ ಕಡೆ ತಿರುಗಿದ. ಮುಖ ಕೆಂಪೇರಿತ್ತು. "ಖುಷಿಯಾಯ್ತಾ? ಪಾರ್ಮಾದಲ್ಲಿ ನಾನು ಇದನ್ನೇ ಮಾಡ್ದಾಗ ನೀವೆಲ್ಲ ನನ್ ಫೋಟೋ ಗೋಡೆಗೆ ಹಚ್ಚಿದ್ರಿ. ಜಿನೋವಾದಲ್ಲೂ ಹೀಗೇ ಆಗಸ್ಟಲ್ಲೇ ಮಾಡಿದೀನಿ. ಆವಾಗ ಬೆಳ್ಳಿ ಚೌಕಟ್ಟು ಹಾಕಿಸಿದ್ದು ನೀನೇ ಅಲ್ವೇನಕ್ಕ? ಅಲ್ಲಿನೋರು ಮನುಷ್ಯರಲ್ವಾ?"

ನಾನು ಅವನ ಕೆನ್ನೆಗೆ ಹೊಡೆದೆ.

ಲಾರಿಗಳು ಮರುದಿನ ಖಾಲಿಯಾಗಿ ವಾಪಸು ಹೋದವು. ಪತ್ರಿಕೆಗಳಲ್ಲಿ ಚಡ್ಡಿ ಹಾಕಿದ ಪ್ರೀಮೊನ ಫೋಟೋ ಬಂತು. ಮಂತ್ರಿಗಳು ಫೋನು ಮಾಡಿದರು, ಮಾಲೀಕರು ನಾಚಿಕೆಪಟ್ಟು ಕ್ಷಮೆ ಕೇಳಿದರು, ಪ್ರೆಸ್ಸುಗಳು ಬುಡಕ್ಕೆ ಬೋಲ್ಟು ಹಾಕಿಸಿಕೊಂಡು ಮತ್ತೆ ಕೂತವು. ಇವತ್ತಿಗೂ ಓಡುತ್ತಿವೆ. ದಾನಿಲೊನನ್ನು ಮಾಲೀಕರು ಕೆಲಸದಿಂದ ತೆಗೆದರು. ಅವನ ಗತಿ ಮುಗಿಯಿತೆಂದು ನಾನು ಅತ್ತದ್ದೂ ಉಂಟು. ಎಷ್ಟಾದರೂ ಸೊಂಟದಲ್ಲಿ ಹೊತ್ತವಳಲ್ಲವೇ?

ನನ್ನ ಕಣ್ಣೀರು ದಂಡ. ಮರುವಸಂತದಲ್ಲೇ ಪತ್ರಿಕೆ ತೆರೆದರೆ ಅವನ ನಗುಮುಖ. ಉತ್ತರದ ವೆನೆತೊ ಸೀಮೆಯ ಒಂದು ಗಾಜಿನ ಕಾರ್ಖಾನೆಗೆ ಮುಖ್ಯಸ್ಥ. ಹಲವು ಉದ್ಯಮಗಳ ಅನುಭವಿ ಎಂದು ಬರೆದಿದ್ದರು. ಎಲ್ಲ ಊರಿನ ಬೆಂಕಿಯನ್ನೂ ಕಂಡ ಸೀಮೆಎಣ್ಣೆ ಡಬ್ಬಿಗೂ ಅನುಭವಿ ಎನ್ನಬಹುದು. ಅಮ್ಮ ಫೋಟೋ ಕತ್ತರಿಸಿ ಕೊಡು ಎಂದಳು. ನಾನು ಕತ್ತರಿ ಸಿಗುತ್ತಿಲ್ಲ ಎಂದೆ.

ಯಾವ ಕಾರ್ಖಾನೆಯ ಗೇಟಿನ ಎದುರಾದರೂ ಒಂದು ಬಾರು ಇದ್ದೇ ಇರುತ್ತದೆ. ಅದರ ನಂಬರು ಹುಡುಕಿ ಫೋನು ಮಾಡಿದೆ. ಗಂಡಸೊಬ್ಬ ಎತ್ತಿದ. ಹಿಂದೆ ಬಟ್ಟಲುಗಳ ಸದ್ದು, ಜನರ ಗಲಗಲ.

"ನಿಮ್ಮ ಹೊಸ ಯಜಮಾನ್ರು ಬಂದ್ರಾ?" ಎಂದೆ.

"ನಾಳೆ ಬರ್ತಾರಮ್ಮ. ದೊಡ್ಡ ಮನುಷ್ಯರು, ಟೈರು, ಹಡಗು ಎಲ್ಲ ನೋಡಿದೋರು. ನಾವು ಬ್ಯಾಂಡ್ ಹೇಳಿದೀವಿ."

"ಬ್ಯಾಂಡ್ ಬೇಕಾದ್ರೆ ಬಾರಿಸಿ. ಆದ್ರೆ ಈ ಆಗಸ್ಟಲ್ಲಿ ಎಲ್ರೂ ಒಟ್ಟಿಗೆ ಕಡಲಿಗೆ ಹೋಗ್ಬೇಡಿ. ಯಾರಾದ್ರೂ ಗೇಟಲ್ಲಿ ಇರಿ."

"ನೀವ್ಯಾರಮ್ಮ?"

"ಅವ್ನ ಅಕ್ಕ."

ಅವನು ನಕ್ಕ. "ತಮ್ಮ ಉದ್ಧಾರ ಆದ್ರೆ ನಿಮಗೆ ಇಷ್ಟೊಂದು ಹೊಟ್ಟೆಕಿಚ್ಚಾ ತಾಯಿ?" ಎಂದು ಫೋನಿಟ್ಟ.

ನಾನು ಮತ್ತೆ ನಂಬರು ಒತ್ತಿದೆ.