ಮೂರನೇ ಮೈಕಿನ ಕಿವಿ

ಶಿರಾಳಕೊಪ್ಪದ ಬಟ್ಟೆ ಅಂಗಡಿಯವರು ಗುರುತಿನ ಮನೆಯವರಿಗೆ ನಾಲ್ಕಾರು ಸೀರೆಗಳನ್ನು ಕಟ್ಟಿ ಕಳಿಸುತ್ತಾರೆ. ಮನೆಯ ಹೆಂಗಸರು ಅವನ್ನು ಒಂದೊಂದಾಗಿ ಹೆಗಲ ಮೇಲೆ ಹಾಕಿಕೊಂಡು, ಕನ್ನಡಿ ಮುಂದೆ ತಿರುಗಿ, ಪಕ್ಕದ ಮನೆಯವರನ್ನು ಕರೆದು ತೋರಿಸಿ, ಒಂದನ್ನು ಇಟ್ಟುಕೊಂಡು ಮಿಕ್ಕವನ್ನು ಮಡಿಕೆ ಕೆಡದಂತೆ ವಾಪಸು ಕಳಿಸುತ್ತಾರೆ. ಇದು ಸೀರೆಗೆ ಸಲ್ಲುವ ಮರ್ಯಾದೆ. ಮೈಕಿಗೂ ಇದೇ ಮರ್ಯಾದೆ ಸಲ್ಲಬೇಕೆಂದು ಹಟ ಹಿಡಿದವರು ಈ ಭೂಮಿಯ ಮೇಲೆ ಶಕುಂತಲಮ್ಮ ಒಬ್ಬರೇ ಇರಬೇಕು.

"ಹಬ್ಬಕ್ಕೊಂದ್ಸಲ ಉಡೋ ಸೀರೆನೇ ಮನಿಗೆ ತರಿಸಿ ನೋಡ್ತೀವಿ. ಜೀವಮಾನಕ್ಕೊಂದು ತಗಳ್ಳೋ ಮೈಕನ್ನ ಅಂಗಡ್ಯಾಗೆ ನಿಂತು ಆರ್ಸಾಕೆ ಆಗ್ತತೇನ್ರೀ? ತರಿಸ್ರಿ ಮನಿಗೆ," ಎಂದು ಅವರು ಗಂಡನಿಗೆ ಅಪ್ಪಣೆ ಕೊಟ್ಟರು.

ಗಂಡ ಪರಮಶಿವಪ್ಪನವರು ಶುಂಠಿ ವ್ಯಾಪಾರವನ್ನು ಮಗನ ಕೈಗೆ ಕೊಟ್ಟ ಮೇಲೆ ಪೂರ್ತಿಯಾಗಿ ಹಾಡಿಗೇ ಇಳಿದಿದ್ದರು. ಬಳ್ಳಿಗಾವಿಯಿಂದ ಸೊರಬದ ತನಕ ಯಾರ ಮನೆಯ ಗೃಹಪ್ರವೇಶವಿರಲಿ, ನಾಮಕರಣವಿರಲಿ, ಊಟಕ್ಕೆ ಎಲೆ ಹಾಕುವ ಮುಂಚೆ ಅವರದೊಂದು ಪದ ಆಗಲೇಬೇಕು. ಹಾರ್ನ್ ಕಟ್ಟಿದ ಮೈಕನ್ನು ತುಟಿಗೆ ಒತ್ತಿ ಹಿಡಿದು ಅವರು ಶುರು ಮಾಡಿದರೆ ಕೊಟ್ಟಿಗೆಯಲ್ಲಿದ್ದ ಎಮ್ಮೆ ಕೂಡ ಮೆಲುಕು ನಿಲ್ಲಿಸುತ್ತಿತ್ತು. ಭಕ್ತಿಯಿಂದಲೋ ಭಯದಿಂದಲೋ, ಎಮ್ಮೆಯನ್ನು ಯಾರೂ ಕೇಳಿರಲಿಲ್ಲ.

ಈಗ ಬಂದಿದ್ದು ದೊಡ್ಡ ಅವಕಾಶ. ಅವರ ಊರಿನ ಬಸವಣ್ಣನ ಗುಡಿಯಲ್ಲಿ ಬೆಳಗಿನ ಜಾವ ಹಾಕುತ್ತಿದ್ದ ಹಳೆಯ ಕ್ಯಾಸೆಟ್ಟಿನ ಪದ ಗೊರಗೊರ ಅನ್ನತೊಡಗಿತ್ತು. ಗುಡಿ ಸಮಿತಿಯ ಹುಚ್ಚರಾಯಪ್ಪನವರು ಮನೆಗೇ ಬಂದು, "ಪರದೇಶಿ ದನಿ ಸಾಕು, ಇನ್ನು ದೇವ್ರು ನಿಮ್ಮ ದನಿಗೆ ಏಳ್ಲಿ," ಎಂದು ಹೇಳಿಹೋಗಿದ್ದರು. ಅಂದಿನಿಂದ ಪರಮಶಿವಪ್ಪನವರಿಗೆ ನೆಲದ ಮೇಲೆ ಕಾಲಿಲ್ಲ. ದಿನಾ ಬೆಳಿಗ್ಗೆ ಇಡೀ ಊರು ತಮ್ಮ ದನಿಗೆ ಕಣ್ಣು ಬಿಡುತ್ತದೆ, ತಾವು ಹೋದ ಮೇಲೂ ಬಿಡುತ್ತಲೇ ಇರುತ್ತದೆ ಎನ್ನುವುದು ಅವರಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಶಿವಮೊಗ್ಗದ ಒಂದು ಸ್ಟುಡಿಯೋಕ್ಕೂ ಹೋಗಿಬಂದರು. ಅಲ್ಲಿ ಗಾಜಿನ ಆಚೆ ಕೂತ ಹುಡುಗಿ "ಸರ್, ಸ್ವಲ್ಪ ಮೆಲ್ಲಗೆ" ಅಂದಿದ್ದೇ ತಡ, ಶಾಲು ಕೊಡವಿ ಎದ್ದು ಬಂದರು. ಸ್ವಂತದ್ದೇ ಮೈಕು ಕೊಂಡು, ಸ್ವಂತ ಮನೆಯಲ್ಲೇ, ತಮ್ಮಿಷ್ಟದಷ್ಟು ಗಟ್ಟಿಯಾಗಿ ಹಾಡುವುದೆಂದು ತೀರ್ಮಾನವಾಯಿತು.

ಹೀಗಾಗಿ ಭಾನುವಾರ ಬೆಳಿಗ್ಗೆ ಶಿರಾಳಕೊಪ್ಪದ ಸೌಂಡ್ ಅಂಗಡಿಯ ಸಂಗಮೇಶ ಮೂರು ಮೈಕು, ಒಂದು ಸ್ಟ್ಯಾಂಡು, ಲ್ಯಾಪ್‌ಟಾಪು ಎಲ್ಲವನ್ನೂ ಹೊತ್ತುಕೊಂಡು ಅವರ ಪಡಸಾಲೆಗೆ ಬಂದಿಳಿದ. ಚಾಪೆಯ ಮೇಲೆ ಮೂರನ್ನೂ ಸಾಲಾಗಿ ಇಟ್ಟ. ಒಂದು ಕರಿಯದು, ಸಣ್ಣದು. ಒಂದು ಬೆಳ್ಳಿಯಂತೆ ಮಿರಮಿರ ಮಿಂಚುವುದು. ಮೂರನೆಯದು ಬೂದು ಬಣ್ಣದ್ದು, ದಪ್ಪನೆಯದು, ನೋಡಲು ಲಕ್ಷಣವಿಲ್ಲದ್ದು.

"ಬೆಳ್ಳಿದು ಚಂದ ಐತಿ," ಎಂದರು ಶಕುಂತಲಮ್ಮ, ಒಂದನ್ನೂ ಕೇಳದೆ.

"ಅಮ್ಮಾ, ಇದು ನೋಡೋದಲ್ಲ, ಕೇಳೋದು," ಎಂದ ಸಂಗಮೇಶ.

"ಕೇಳೋಣಂತೆ. ಮೊದ್ಲು ಮನಿಗೆ ಬಂದಿದ್ದಕ್ಕೆ ವಿಭೂತಿ ಹಚ್ಚಾಣ," ಎಂದು ಆಕೆ ಮೂರು ಬೆರಳಿಗೆ ವಿಭೂತಿ ಬಳಿದುಕೊಂಡು ಬಂದೇಬಿಟ್ಟರು. ಸಂಗಮೇಶ ಕೂತಲ್ಲಿಂದ ನೆಗೆದು ಅಡ್ಡ ಬಂದ. ಈ ಜಾತಿಯ ಮೈಕಿನೊಳಗೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಹಾಳೆ ಇರುತ್ತದೆ, ಬೂದಿ ಬಿದ್ದರೆ ಕಥೆ ಮುಗಿಯಿತು ಎಂದು ಕೈಮುಗಿದು ಹೇಳಿದ. ಕೊನೆಗೆ ವಿಭೂತಿ ಸ್ಟ್ಯಾಂಡಿನ ಕಾಲಿಗೆ ಬಿತ್ತು. ಶಕುಂತಲಮ್ಮ ಅಸಮಾಧಾನದಿಂದಲೇ ಅಡುಗೆಮನೆಗೆ ಹೋದರು. ಅಲ್ಲಿ ಎದುರುಮನೆಯ ಬಂಗಾರಮ್ಮ, ಮೊಸರಿಗೆ ಹೆಪ್ಪು ಕೇಳಲು ಬಂದವರು, ಹೆಪ್ಪು ಸಿಕ್ಕ ಮೇಲೂ ಆರಾಮಾಗಿ ಕೂತಿದ್ದರು.

ಇತ್ತ ಪರಮಶಿವಪ್ಪನವರು ಕರಿ ಮೈಕಿನ ಮುಂದೆ ಪದ್ಮಾಸನ ಹಾಕಿ, ಮೊದಲಿನ ರೂಢಿಯಂತೆ ಅದರ ತಲೆಗೆ ಟಪಟಪ ಕುಟ್ಟಿ, ಉಫ್ ಎಂದು ಊದಿ, "ಹಲೋ, ಹಲೋ, ಮಹಾಜನಗಳಲ್ಲಿ ವಿನಂತಿ," ಎಂದರು. ಸಂಗಮೇಶ ಕಿವಿಯಲ್ಲಿದ್ದ ಹೆಡ್‌ಫೋನನ್ನು ಕಿತ್ತೆಸೆದ.

"ಯಜಮಾನ್ರೇ! ಕುಟ್ಟಬ್ಯಾಡ್ರಿ, ಊದಬ್ಯಾಡ್ರಿ. ಒಂದು ಗೇಣು ದೂರ ಕುಂತು ಹಾಡ್ರಿ. ಅದಕ್ಕೆ ಎಲ್ಲಾ ಕೇಳ್ತತಿ."

"ಒಂದು ಗೇಣು ದೂರದಿಂದ ಹಾಡಿದ್ರೆ ಅದು ಹಾಡೇನೋ ತಮ್ಮಾ? ಗುಟ್ಟು ಹೇಳಿದಂಗಾಗ್ತತಿ," ಎಂದು ಗೊಣಗಿದರೂ ಅವರು ಹಿಂದೆ ಸರಿದರು.

ಹಾಡಿದ್ದು ಬಸವಣ್ಣನನ್ನು ಎಬ್ಬಿಸುವ ಪದ, ಅವರ ತಂದೆಯಿಂದ ಬಂದದ್ದು. ಅದರ ಮೂರನೇ ನುಡಿಯಲ್ಲಿ 'ಕಣ್ತೆರೆಯೋ' ಎನ್ನುವಲ್ಲಿ ದನಿ ಮುಗಿಲಿಗೆ ಏರಬೇಕು. ಪರಮಶಿವಪ್ಪನವರು ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ಏರಿದರು.

ಕರಿ ಮೈಕಿನಲ್ಲಿ ಕೇಳಿದಾಗ ಅವರು ಕಣಜದೊಳಗೆ ಕೂತು ಹಾಡಿದಂತಿತ್ತು. ಬೆಳ್ಳಿ ಮೈಕಿನಲ್ಲಿ ಮತ್ತೆ ಹಾಡಿದಾಗ, 'ಬಸವ' ಎಂದಾಗಲೆಲ್ಲ ಸ್‌ಸ್ ಎಂದು ಸೀಟಿ ಹೊಡೆಯಿತು. ಉಳಿದದ್ದು ಬೂದು ಮೈಕು. ಅದರ ಮುಂದೆ ಹಾಡಿ ಮುಗಿಸಿ, ಹೆಡ್‌ಫೋನ್ ಹಾಕಿಕೊಂಡ ಪರಮಶಿವಪ್ಪನವರ ಮುಖ ಅರಳಿತು. ಇದು ಅವರದೇ ದನಿ. ಉಸಿರು ತೆಗೆದುಕೊಂಡಿದ್ದೂ ಕೇಳುತ್ತಿದೆ, ನಾಲಿಗೆ ತಿರುಗಿದ್ದೂ ಕೇಳುತ್ತಿದೆ. ದೂರದಲ್ಲಿ ಚಂದ್ರಗುತ್ತಿ ಬಸ್ಸಿನ ಹಾರನ್ನೂ ಕೇಳಿತು. ಪದ ಮುಗಿಯುತ್ತಿದ್ದಂತೆ, ಎರಡು ಕೋಣೆಯ ಆಚೆಯಿಂದ, ಅವರ ಹೆಂಡತಿಯ ದನಿ ಕೇಳಿತು.

"...ದಿನಾ ಅಷ್ಟೇ ಕಣೆ ಬಂಗಾರಿ. ಅವ್ರು ಪದ ಶುರು ಮಾಡ್ತಿದ್ದಂಗೆ ನಾನು ಎಸರಿಗೆ ಅಕ್ಕಿ ಹಾಕ್ತೀನಿ. ಮೂರನೇ ನುಡ್ಯಾಗೆ ಮ್ಯಾಲೆ ಹತ್ತಾಕೆ ಹೋಗಿ ದಬಕ್ಕಂತ ಕೆಳಗೆ ಬೀಳ್ತಾರಲ್ಲ, ಆವಾಗ ಅನ್ನ ಬಸಿಯೋದು. ಒಂದಿನಾನೂ ತಪ್ಪಿಲ್ಲ. ಇವತ್ತು ಆಗ್ಲೇ ಮೂರ್ಸಲ ಬಿದ್ರು, ನಂಗೆ ಲೆಕ್ಕನೇ ತಪ್ಪಿಹೋತು. ಇನ್ನೊಂದ್ಸಲ ಶುರು ಮಾಡ್ಲಿ, ಅಕ್ಕಿ ಹಾಕ್ತೀನಿ."

"ನೀನು ಅವ್ರಿಗೆ ಹೇಳಬಾರ್ದೇನೇ?" ಇದು ಬಂಗಾರಮ್ಮ.

"ಹೆಂಗೆ ಹೇಳ್ಲಿ? ಮದುವ್ಯಾದಾಗಿಂದ ಚೆನ್ನಾಗೈತಿ ಚೆನ್ನಾಗೈತಿ ಅಂದ್ಕಂಡೇ ಬಂದೀನಿ. ಈಗ ಹೇಳಿದ್ರೆ ಹಾಡೋದೇ ಬಿಟ್ಟು ಕುಂತ್ರೆ? ಹಾಡು ಬಿಟ್ರೆ ಆ ಮನುಷ್ಯಂಗೆ ಇನ್ನೇನೈತಿ ಹೇಳು."

ಪರಮಶಿವಪ್ಪನವರು ಹೆಡ್‌ಫೋನ್ ತೆಗೆದರು. ಸ್ಪೀಕರಿನಲ್ಲೂ ಅದೇ ಸಣ್ಣಗೆ ಬರುತ್ತಿದ್ದುದರಿಂದ ಸಂಗಮೇಶ ಲ್ಯಾಪ್‌ಟಾಪಿನ ಧೂಳು ಒರೆಸುವುದರಲ್ಲಿ ಬಹಳ ತಲ್ಲೀನನಾಗಿದ್ದ.

"ಕರೀದೇ ಕಟ್ಟು," ಎಂದರು ಅವರು. "ಅದು ಸಂಭಾವಿತ ಮೈಕು. ಮನಿ ಮಾತನ್ನ ಹೊರಗೆ ಹಾಕಾದಿಲ್ಲ."

ಮಾತು ಬಿಗಿಯಾಗಿಯೇ ಬಂತು. ಇಷ್ಟು ವರ್ಷ ಕೇಳಿದ 'ಚೆನ್ನಾಗೈತಿ'ಗಳೆಲ್ಲ ಒಟ್ಟಿಗೆ ಎದುರು ಬಂದು ನಿಂತು ಹಲ್ಲು ಕಿರಿದಂತಾಯಿತು. ಅವಮಾನಕ್ಕಿಂತ ಹೆಚ್ಚಾಗಿ ಅವರಿಗೆ ಆದದ್ದು ದುಃಖ. ಊರವರು ನಕ್ಕಿದ್ದರೆ ಬೈಯಬಹುದಿತ್ತು, ಇವಳನ್ನು ಏನೆಂದು ಬೈಯುವುದು?

ಸಂಗಮೇಶ ಕರಿ ಮೈಕನ್ನು ಡಬ್ಬಿಗೆ ಹಾಕುತ್ತಿದ್ದ. "ತಡಿ," ಎಂದು ಪರಮಶಿವಪ್ಪನವರು ಬೂದು ಮೈಕಿನ ಮೂರನೇ ನುಡಿಯನ್ನು ಇನ್ನೊಮ್ಮೆ ಹಾಕಿಸಿದರು. ಈ ಸಲ ಹೆಂಡತಿಯ ಮಾತನ್ನಲ್ಲ, ತಮ್ಮ ದನಿಯನ್ನೇ ಕೇಳಿದರು. ಹೌದು, ಬೀಳುತ್ತಿತ್ತು. ಹಾರ್ನಿನ ಗದ್ದಲದಲ್ಲಿ ಈ ತನಕ ಅದು ಅವರ ಕಿವಿಗೇ ಬಿದ್ದಿರಲಿಲ್ಲ. ಇದನ್ನು ಗುಡಿಯಲ್ಲಿ ಹಾಕಿದರೆ ಊರಿನ ಮುಂದೆ ತಾವು ದಿನಾ ಬೆಳಿಗ್ಗೆ ಬೀಳುತ್ತಲೇ ಇರಬೇಕು.

"ಬೂದಿದನ್ನ ಸ್ಟ್ಯಾಂಡಿಗೆ ಹಾಕು. ಇನ್ನೊಂದ್ಸಲ ಹಾಡ್ತೀನಿ."

ಅವರು ಒಂದು ಗೇಣಿನ ಮೇಲೆ ಇನ್ನೆರಡು ಬೆರಳು ಹಿಂದೆ ಸರಿದು ಕೂತು ಶುರು ಮಾಡಿದರು. ಮೂರನೇ ನುಡಿ ಬಂತು. ಕತ್ತಿನ ನರ ಉಬ್ಬಲು ಸಿದ್ಧವಾಯಿತು. ಅವರು ಅದನ್ನು ತಡೆದು, ಮಲಗಿದ ಮೊಮ್ಮಗಳನ್ನು ಎಬ್ಬಿಸುವ ಹಾಗೆ, ಕೆಳಗಿನ ಸ್ವರದಲ್ಲೇ, ಮೆತ್ತಗೆ, 'ಕಣ್ತೆರೆಯೋ' ಎಂದರು. ಹಾಗೆಯೇ ನಾಲ್ಕನೇ ನುಡಿಗೂ ಹೋದರು, ಐದಕ್ಕೂ ಹೋದರು. ಪದ ಮುಗಿಯುವ ಹೊತ್ತಿಗೆ ಪಡಸಾಲೆಯಲ್ಲಿ ಸೀದ ವಾಸನೆ ತುಂಬಿಕೊಂಡಿತು.

ಶಕುಂತಲಮ್ಮ ಕೈಯಲ್ಲಿ ಸೌಟು ಹಿಡಿದು ಓಡಿಬಂದರು. "ಏನ್ರೀ, ಮೈಗೆ ಹುಷಾರಿಲ್ವಾ? ಎದಿ ಗಿದಿ ಹಿಡ್ಕಂತಾ? ಮ್ಯಾಲೆ ಹತ್ಲೇ ಇಲ್ವಲ್ಲ!"

"ಹುಷಾರದೀನಿ. ಹೆಂಗಿತ್ತು ಹಾಡು?"

"ಚೆನ್ನಾಗಿತ್ತು," ಎಂದರು ಶಕುಂತಲಮ್ಮ ಎಂದಿನಂತೆ.

ಪರಮಶಿವಪ್ಪನವರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಬೂದು ಮೈಕಿನ ಕಡೆ ತೋರಿಸಿ, "ಸಂಗಮೇಶಾ, ಅದನ್ನ ಕೇಳು, ಅದು ಖರೇ ಹೇಳ್ತತಿ," ಎಂದರು. ಸಂಗಮೇಶ ಹಾಕಿದ. ಮೂರನೇ ನುಡಿ ಮೆತ್ತಗೆ ಇಳಿಯಿತು. ಅದರ ಹಿಂದೆ, ಅಡುಗೆಮನೆಯಲ್ಲಿ ಬಂಗಾರಮ್ಮ ಏನೋ ಹೇಳುತ್ತಿದ್ದುದು ಅರ್ಧಕ್ಕೇ ನಿಂತಿತು. "ತಡಿಯೇ, ಸುಮ್ಕಿರು," ಎಂದು ಶಕುಂತಲಮ್ಮನ ಪಿಸುಮಾತು. ಆಮೇಲೆ ಐದನೇ ನುಡಿಯ ತನಕ ಒಂದು ಸೌಟಿನ ಸದ್ದೂ ಇಲ್ಲ. ಪದ ಮುಗಿಯುತ್ತಿದ್ದಂತೆ ಒಂದು ನಿಟ್ಟುಸಿರು, ಅದರ ಬೆನ್ನಿಗೆ: "ಅಯ್ಯೋ ಶಿವನೇ, ಎಷ್ಟು ಚಂದ ಹಾಡಿದ್ರಲ್ಲೇ... ಅಯ್ಯಯ್ಯೋ, ಅನ್ನ ಸೀದೋತು!"

ಶಕುಂತಲಮ್ಮನ ಮುಖ ಕೆಂಪಾಯಿತು. ಈ ಹಾಳು ಮೈಕಿಗೆ ಅಡುಗೆಮನೆಯೂ ಕೇಳುತ್ತದೆ ಎಂಬುದು ಅವರಿಗೆ ತಿಳಿದದ್ದು ಆಗಲೇ. ಇದಕ್ಕೂ ಮುಂಚೆ ತಾವು ಆಡಿದ್ದು ನೆನಪಾಗಿ ಸೌಟನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಪರಮಶಿವಪ್ಪನವರು ಸಂಗಮೇಶನ ಕಡೆ ತಿರುಗಿದರು.

"ಇದೇ ಇರ್ಲಿ," ಎಂದರು. "ಗುಡಿಗೆ ಈ ಪದಾನೇ ಕೊಡು."

"ಕೊಡ್ತೀನಿ ಯಜಮಾನ್ರೇ. ಕೊನಿಗೆ ಅಮ್ಮಾರ ದನಿ ಐತಲ್ಲ, ಅದನ್ನ ಕತ್ತರಿಸ್ತೀನಿ. ಚಿಟಿಕೆ ಹೊಡ್ಯೋದ್ರಾಗೆ ಆಗ್ತತಿ."

"ಮುಟ್ಟಬ್ಯಾಡ."

"ಏನ್ರೀ ನೀವು! ಅನ್ನ ಸೀದಿದ್ದು ದಿನಾ ಬೆಳಿಗ್ಗೆ ಊರಿಗೆಲ್ಲಾ ಗೊತ್ತಾಗ್ತತಿ," ಎಂದು ಶಕುಂತಲಮ್ಮ ಕೂಗಿದರು.

"ಗೊತ್ತಾಗ್ಲಿ ಬಿಡು. ಇಷ್ಟು ವರ್ಷಕ್ಕೆ ಒಂದ್ಸಲ ಖರೇ ಅಂದೀಯ. ಮತ್ತೆ ಯಾವಾಗ ಅಂತೀಯೋ ಯಾರಿಗ್ಗೊತ್ತು," ಎಂದರು ಪರಮಶಿವಪ್ಪನವರು.